ಎದುರಂಗಡಿಯ ಗಿರಾಕಿ

ಕನ್ನಡಿ ಅಂಗಡಿಗೆ ಯಾರೂ ತಮ್ಮ ಮುಖ ನೆನೆದು ಬರುವುದಿಲ್ಲ, ಪಕ್ಕದ ಮನೆಯ ಕನ್ನಡಿ ನೆನೆದು ಬರುತ್ತಾರೆ. ಹಾಗಾಗಿ ನನ್ನಲ್ಲಿ ವಾರಕ್ಕೊಂದು ತಮಾಷೆ ನಡೆಯದೆ ಬಿಡುವುದಿಲ್ಲ. ಹಳಿಯಾಳದ ಪೇಟೆಯಲ್ಲಿ ಗಾಜು ಕೊರೆಯುತ್ತ, ಚೌಕಟ್ಟು ಕೂಡಿಸುತ್ತ ಇಪ್ಪತ್ತು ವರ್ಷ ದಾಟಿತು. ಮನೆಗೆ ಯಾವ ಕನ್ನಡಿ ಸರಿ ಎಂದು ಗೋಡೆಯ ಅಳತೆ ಹೇಳುವುದಿಲ್ಲ, ಹೊಟ್ಟೆಕಿಚ್ಚು ಹೇಳುತ್ತದೆ. ಇಷ್ಟು ವರ್ಷದಲ್ಲಿ ನಾನು ಕಲಿತದ್ದು ಇಷ್ಟೇ.

ನಾನೇನು ಸಾಚಾ ಅಲ್ಲ. ಬೇರೆಯವರ ಅಂಗಡಿಯ ಮುಂದೆ ಒಂದು ಸೈಕಲ್ ನಿಂತರೂ ನನಗೆ ಮಧ್ಯಾಹ್ನದ ಊಟ ಸೇರುವುದಿಲ್ಲ.

ಇನ್ನು ನಮ್ಮ ಮನೆಯ ಕನ್ನಡಿಯ ವಿಷಯ. ದೀಪದ ಬುಡದಲ್ಲೇ ಕತ್ತಲೆ ಅನ್ನುತ್ತಾರಲ್ಲ, ಅದು. ಯಾವುದೋ ಗಿರಾಕಿಗೆ ಕೊರೆದಾಗ ಉಳಿದ ಅಂಗೈ ಅಗಲದ ತುಣುಕನ್ನು ಬಚ್ಚಲ ಬಾಗಿಲ ಪಕ್ಕ ತೂಗುಹಾಕಿದ್ದೆ. ಮೊಳೆ ಹೊಡೆದದ್ದು ಹೆಂಡತಿಯ ಕುಂಕುಮದ ಎತ್ತರಕ್ಕೆ. ಅವಳಿಗೆ ಹಣೆ ಮಾತ್ರ ಕಾಣುತ್ತಿತ್ತು. ನಾನು ಎತ್ತರದವನು, ನನಗೆ ಗದ್ದ ಮಾತ್ರ. ಗಡ್ಡ ಹೆರೆದುಕೊಳ್ಳಲು ಗದ್ದ ಸಾಕಲ್ಲ, ಉಳಿದ ಮುಖ ಹೇಗಿದೆ ಎಂಬುದು ನನಗೆ ಮರೆತೇ ಹೋಗಿತ್ತು. ಅಂಗಡಿಯಲ್ಲೂ ಅಷ್ಟೇ. ಗೀರು ಬೀಳಬಾರದೆಂದು ಕನ್ನಡಿಗಳೆಲ್ಲ ಗೋಡೆಗೆ ಮುಖ ಮಾಡಿ ನಿಂತಿರುತ್ತವೆ. ಹೊರಳಿಸಿದಾಗಲೂ ನಾನು ಕನ್ನಡಿಯಲ್ಲಿ ಗೀರು ಹುಡುಕುತ್ತೇನೆಯೇ ಹೊರತು ಮುಖವನ್ನಲ್ಲ.

ಹೆಂಡತಿಯದು ಒಂದೇ ಆಸೆ. ಸೀರೆ ಉಟ್ಟಾಗ ನೆತ್ತಿಯಿಂದ ನೆರಿಗೆಯ ತನಕ ಒಮ್ಮೆ ತನ್ನನ್ನು ತಾನು ನೋಡಿಕೊಳ್ಳಬೇಕು. ಮದುವೆ ಮುಂಜಿ ಬಂದರೆ ಪಕ್ಕದ ಮನೆಗೆ ಹೋಗಿ ನೋಡಿಕೊಂಡು ಬರುತ್ತಿದ್ದಳು. ಆ ಕನ್ನಡಿಯನ್ನೂ ಕೊರೆದು ಕೊಟ್ಟವನು ನಾನೇ.

"ಅವರ ಮನ್ಯಾಗಿನ ಕನ್ನಡ್ಯಾಗ ನಾ ಕಂಡೇನಿ, ನಮ್ಮ ಮನ್ಯಾಗ ಕಂಡಿಲ್ಲ" ಎಂದು ಒಂದು ದಿನ ಅಂದಳು. ನಾಚಿಕೆಯಾಯಿತು. ಒಂದು ಆಳೆತ್ತರದ ಕನ್ನಡಿ ತೆಗೆದಿಟ್ಟು, ಬೆನ್ನಿಗೆ ಸೀಮೆಸುಣ್ಣದಲ್ಲಿ 'ಮನಿ' ಎಂದು ಬರೆದೆ.

ಆರ್ಸೊ

ಇದು ಅದಕ್ಕಿಂತ ಎಷ್ಟೋ ಹಿಂದಿನದು, ಅಂಗಡಿ ಹಾಕಿದ ಹೊಸತರದು. ನಾನು ಮುಂಡಗೋಡದ ಕಡೆಯ ಮಳಗಿಯವನು. ಆಗ ಕನ್ನಡ ಬಿಟ್ಟು ಬೇರೆ ಮಾತು ತಿಳಿಯುತ್ತಿರಲಿಲ್ಲ. ಜೋಯಿಡಾ ಕಡೆಯಿಂದ ಗಂಡ ಹೆಂಡತಿ ಬಂದರು. ಗಂಡ ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತ. ಹೆಂಡತಿ ನನ್ನ ಮುಂದೆ ನಿಂತು, "ಆರ್ಸೊ ಜಾಯ್" ಎಂದಳು.

ಕೊಂಕಣಿಯಲ್ಲಿ ಆರ್ಸೊ ಎಂದರೆ ಕನ್ನಡಿ, ಜಾಯ್ ಎಂದರೆ ಬೇಕು. ನನಗೇನು ಗೊತ್ತು? ಆರಿಸಿ ಕೊಡು ಅನ್ನುತ್ತಿದ್ದಾಳೆ ಎಂದುಕೊಂಡೆ.

"ನಿಮ್ಮ ಮನೀಗೆ ನಾ ಹೆಂಗ ಆರಿಸಲಿ? ನೀವ ಆರಿಸ್ರಿ."

"ಆರ್ಸೊ."

"ಅದನ್ನ ಹೇಳಾಕತ್ತೇನಿ, ಆರಿಸ್ರಿ."

"ಆರ್ಸೊ, ಆರ್ಸೊ."

ಗೋಡೆಗೆ ಮುಖ ಮಾಡಿ ನಿಂತ ಕನ್ನಡಿಗಳಲ್ಲಿ ಅವಳಿಗೆ ಕಂಡದ್ದು ಬೆನ್ನು ಮಾತ್ರ. ಈ ಅಂಗಡಿಯಲ್ಲಿ ಹಲಗೆ ಮಾರುತ್ತಾರೆ ಎಂದುಕೊಂಡಳೋ ಏನೋ. ಅವಳ ದನಿ ಏರಿತು, ನನ್ನದೂ ಏರಿತು. ಅರ್ಧ ತಾಸು ಹೀಗೇ ನಡೆದು, ಕೊನೆಗೆ ಸಿಟ್ಟಿನಲ್ಲಿ ಒಂದು ಕನ್ನಡಿಯನ್ನು ಹೊರಳಿಸಿ ಅವಳ ಮುಂದೆ ಹಿಡಿದೆ. ಅವಳು ತನ್ನ ಮುಖ ನೋಡಿ, ಸೆರಗು ಸರಿ ಮಾಡಿಕೊಂಡು, ಮೆಲ್ಲಗೆ "ಆರ್ಸೊ" ಎಂದಳು. ಆಗ ನನಗೆ ಬೆಳಕಾಯಿತು.

ಕನ್ನಡಿ ಕಟ್ಟಿಸಿಕೊಂಡು ಹೊರಟಾಗ ಗಂಡ ನನ್ನ ಕಡೆ ತಿರುಗಿ ಚೊಕ್ಕ ಕನ್ನಡದಲ್ಲಿ, "ಬರ್ತೇನ್ರಿ" ಎಂದ.

"ಕನ್ನಡ ಬರ್ತಿತ್ತಂದ್ರ ಸುಮ್ಮನ ಯಾಕ ಕುಂತಿದ್ರಿ?"

"ಮೂವತ್ತು ವರ್ಷ ಆತ್ರಿ, ಈಕಿಗೆ ನಾ ಒಂದ ಸಲಾನೂ ಎದುರು ಮಾತಾಡಿಲ್ಲ. ನೀವು ಅರ್ಧಾ ತಾಸು ಮಾತಾಡಿದ್ರಿ. ಹೊಟ್ಟಿಕಿಚ್ಚಾತು, ಕೇಳ್ಕೋತ ಕುಂತೆ."

ಒಂದು ಬೊಟ್ಟು ದೊಡ್ಡದು

ಹಳಿಯಾಳದ ಹತ್ತಿರದ ಒಂದು ಹಳ್ಳಿಯಲ್ಲಿ ಅಣ್ಣತಮ್ಮಂದಿರು ಬೇರೆಯಾದರು. ಮನೆ ಎರಡಾಯಿತು, ಅಂಗಳ ಒಂದೇ ಉಳಿಯಿತು. ಮೊದಲು ತಮ್ಮನ ಹೆಂಡತಿ ಬಂದು ಗೇಣುದ್ದದ ಕನ್ನಡಿ ಒಯ್ದಳು. ಮರುದಿನ ಅಣ್ಣನ ಹೆಂಡತಿ ಹಾಜರು.

"ನಮ್ಮ ನೆಗೆಣ್ಣಿ ಎಂಥಾದ್ದು ಒಯ್ದಾಳ?"

ತೋರಿಸಿದೆ.

"ಅದಕ್ಕಿಂತ ಒಂದು ಬೊಟ್ಟು ದೊಡ್ಡದು ಕೊಡ್ರಿ."

ವಾರ ಕಳೆಯುವುದರೊಳಗೆ ಕಿರಿಯವಳು ಅದಕ್ಕಿಂತ ಒಂದು ಬೊಟ್ಟು ದೊಡ್ಡದು ಕೇಳಿ ಬಂದಳು. ನನಗೆ ಕುಣಿಯುವಷ್ಟು ಖುಷಿ. ಮನೆ ಒಡೆದರೆ ಕನ್ನಡಿಯವನಿಗೆ ಹಬ್ಬ ಎಂದು ಆಗ ತಿಳಿಯಿತು. ನಾಲ್ಕು ಸಲ ಹೀಗಾದ ಮೇಲೆ ಹಿರಿಯವಳು ಬಂದು, "ಇನ್ನ ಬೊಟ್ಟಿನ ಲೆಕ್ಕ ಸಾಕು. ಅಂಗಡ್ಯಾಗ ಎಲ್ಲಾಕ್ಕಿಂತ ದೊಡ್ಡದು ಯಾವುದೈತಿ ಅದನ್ನ ಕೊಡ್ರಿ" ಎಂದಳು.

ಎಲ್ಲಕ್ಕಿಂತ ದೊಡ್ಡದು 'ಮನಿ' ಎಂದು ಬರೆದಿಟ್ಟದ್ದು. ಕೊಡದಿದ್ದರೆ ದಾಂಡೇಲಿಯ ಅಂಗಡಿಗೆ ಹೋಗಿಬಿಡುತ್ತಾಳೆ ಎಂಬ ಸಂಕಟಕ್ಕೆ, ಒದ್ದೆ ಬಟ್ಟೆಯಿಂದ 'ಮನಿ' ಒರೆಸಿ ಗಾಡಿಗೆ ಏರಿಸಿದೆ.

ಕನ್ನಡಿ ಊರು ಮುಟ್ಟಿತು, ಬಾಗಿಲಲ್ಲಿ ತೂರಲಿಲ್ಲ. ಹಳೆಯ ಮನೆ, ತಲೆ ಬಗ್ಗಿಸಿ ಹೋಗುವ ಬಾಗಿಲು, ಅಡ್ಡ ಹಿಡಿದರೆ ಒಳಗೆ ಹೊರಳಿಸಲು ಜಾಗವಿಲ್ಲ. ಸುರುಳಿ ಸುತ್ತಿ ಒಳಗೆ ಒಯ್ಯಲು ಅದೇನು ಚಾಪೆಯೇ? ಅಂಗಳದ ಗೋಡೆಗೆ ಆನಿಸಿ ಇಟ್ಟರು. ಬೆಳಗಾದರೆ ಕಿರಿಯವಳು ಬಾಚಣಿಗೆ ಹಿಡಿದು ಬಂದು ಅದರ ಮುಂದೆ ನಿಂತು ಸಾವಕಾಶ ಹೆರಳು ಹಾಕಿಕೊಳ್ಳತೊಡಗಿದಳಂತೆ. "ಚಲೋ ಆತು ಬಿಡಕ್ಕ, ಇಬ್ಬರಿಗೂ ಆತು" ಎಂದು ಬೇರೆ ಹೇಳಿದಳಂತೆ.

ಮೂರನೆಯ ದಿನ ಹಿರಿಯವಳು ಕಣ್ಣು ಕೆಂಪಗೆ ಮಾಡಿಕೊಂಡು ಅಂಗಡಿಗೆ ಬಂದಳು.

"ಏನ್ ಬೇಕ್ರಿ, ಅಕ್ಕಾರ? ಇದಕ್ಕಿಂತ ದೊಡ್ಡದಿಲ್ಲ ನನ್ನ ಹತ್ತರ."

"ದೊಡ್ಡದು ಬ್ಯಾಡ. ಈ ಕನ್ನಡೀಗೆ ಕೀಲಿ ಹಾಕಾಕ ಬರ್ತೈತೇನ್ರಿ?"

ಮಂಗಟ್ಟೆ

ಹೆಂಡತಿಗಾಗಿ ಎರಡನೆಯ ಕನ್ನಡಿ ತೆಗೆದಿಟ್ಟು 'ಮನಿ' ಎಂದು ಬರೆದೆ. ಅದನ್ನು ಒಯ್ದವನು ದಾಂಡೇಲಿಯ ಹತ್ತಿರ, ಮೌಳಂಗಿಯ ಕಡೆ ಹೋಮ್‌ಸ್ಟೇ ಇಟ್ಟವನು. ಪಕ್ಕದ ಹೋಮ್‌ಸ್ಟೇದವರು ಅಂಗಳದಲ್ಲಿ ಆಳೆತ್ತರದ ಕನ್ನಡಿ ನಿಲ್ಲಿಸಿದ್ದರಂತೆ, ಬಂದವರೆಲ್ಲ ಅದರ ಮುಂದೆ ನಿಂತು ಫೋಟೊ ತೆಗೆದುಕೊಳ್ಳುತ್ತಿದ್ದರಂತೆ. ಇವನಿಗೆ ನಿದ್ದೆ ಬಂದಿರಲಿಲ್ಲ. ಅಂಥವನ ಸಂಕಟ ನನಗಲ್ಲದೆ ಯಾರಿಗೆ ತಿಳಿಯಬೇಕು? ಒರೆಸಿ ಕೊಟ್ಟೆ.

ನಾಲ್ಕು ದಿನಕ್ಕೆ ಫೋನು ಬಂತು. "ಅಣ್ಣಾರ, ಒಂದು ಗಂಡು ಮಂಗಟ್ಟಿ ಹಕ್ಕಿ ಮುಂಜಾನೆದ್ದು ಬಂದು ಕನ್ನಡಿ ಕುಟ್ಟಾಕತ್ತೈತ್ರಿ. ಒಳಗ ಇನ್ನೊಂದು ಗಂಡು ಐತಿ ಅಂತ ಅದಕ್ಕ ಸಿಟ್ಟು."

ತನ್ನನ್ನೇ ಕಂಡು ವೈರಿ ಎಂದುಕೊಳ್ಳುವ ಹಕ್ಕಿಯ ದಡ್ಡತನಕ್ಕೆ ನಾನೂ ಹೆಂಡತಿಯೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಷ್ಟರಲ್ಲಿ ಹಕ್ಕಿ ನೋಡಲು ಜನ ಇವನ ಅಂಗಳಕ್ಕೆ ಮುತ್ತಿದ್ದರು. ಪಕ್ಕದ ಹೋಮ್‌ಸ್ಟೇದವನು ತಾಳಲಾರದೆ ನೇರ ನನ್ನ ಅಂಗಡಿಗೆ ಬಂದ.

"ಅವರಿಗೆ ಕೊಟ್ಟೀರಲ್ಲ, ಅಂಥಾದ್ದ ಕನ್ನಡಿ ಬೇಕ್ರಿ."

"ಎಷ್ಟು ಎತ್ತರ ಇರ್ಲಿ?"

"ಎತ್ತರ ಎಷ್ಟರ ಇರ್ಲಿ. ಒಳಗ ಹಕ್ಕಿ ಇರಬೇಕು."

ಕನ್ನಡಿಯಾದ ಗಂಡ

ಮಳಗಿಯಲ್ಲಿ ನಮ್ಮ ದೂರದ ಸಂಬಂಧಿ ಒಬ್ಬನ ಮದುವೆಯಾಯಿತು. ಮದುವೆಗೆ ನಾನೇ ಒಂದು ದೊಡ್ಡ ಕನ್ನಡಿ ಉಡುಗೊರೆ ಕೊಟ್ಟಿದ್ದೆ. ಎರಡು ವಾರಕ್ಕೆ ಅವನು ಅದನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ವಾಪಸ್ ತಂದ.

"ಮಾವಾ, ಇದನ್ನ ಇಟ್ಕೊಂಡು ಸಣ್ಣದೊಂದು ಕೊಡು. ಆಕಿ ನನ್ನ ಮಾರಿ ನೋಡೂದಕ್ಕಿಂತ ಇದರ ಮಾರಿ ನೋಡೂದ ಜಾಸ್ತಿ ಆಗೇತಿ."

ಕನ್ನಡಿಯ ಮೇಲೆ ಹೊಟ್ಟೆಕಿಚ್ಚು ಪಟ್ಟ ಗಂಡನನ್ನು ಅವತ್ತೇ ನೋಡಿದ್ದು. ಸಣ್ಣದು ಕೊಟ್ಟು ಕಳಿಸಿದೆ. ಅವನು ತಂದ ದೊಡ್ಡದರ ಬೆನ್ನಿಗೆ ನನ್ನ ಹೆಂಡತಿಯ ಎದುರಿಗೇ 'ಮನಿ' ಎಂದು ಬರೆದೆ.

ಹತ್ತು ದಿನವಾಗಿರಲಿಲ್ಲ, ಮತ್ತೆ ಬಂದ. ಮುಖ ಸೊರಗಿತ್ತು.

"ಏನಾತೋ?"

"ಈಗ ಕನ್ನಡಿ ನೋಡೂದಿಲ್ಲ, ನನ್ನ ಕೇಳ್ತಾಳ. ಹಿಂದ ಸರಿ ಐತೇನು, ಸೆರಗು ಸರಿ ಐತೇನು, ನೆರಗಿ ಜೋತು ಬಿದ್ದಾವೇನು. ಸರಿ ಐತಿ ಅಂದ್ರ, ನೋಡದ ಹೇಳ್ತೀ ಅಂತಾಳ. ಇಲ್ಲ ಅಂದ್ರ, ಮೊಣಕಾಲೂರಿ ನೆರಗಿ ಜಗ್ಗಬೇಕು. ನನ್ನ ದೊಡ್ಡ ಕನ್ನಡಿ ನನಗ ಕೊಡು ಮಾವಾ. ಕನ್ನಡಿ ಆಗೂದು ನನ್ನ ಕೈಲೆ ಆಗವಲ್ದು."

ಅವನ ಕನ್ನಡಿ ಅವನಿಗೆ, ಕೊಡದೆ ಏನು ಮಾಡಲಿ? ಮೂರನೆಯ 'ಮನಿ'ಯನ್ನೂ ಒರೆಸಿದೆ. ಒಳಗೆ ಕೂತು ಎಲ್ಲ ಕೇಳಿಸಿಕೊಂಡ ಹೆಂಡತಿ ಇಷ್ಟೇ ಅಂದಳು: "ಅಂವ ಹತ್ತು ದಿನರ ಕನ್ನಡಿ ಆದ. ನೀವು ಒಂದ ದಿನಾನೂ ಆಗಲಿಲ್ಲ."

ಎದುರಂಗಡಿ

ಆಮೇಲೆ ಬಂದದ್ದು ನನ್ನ ಕಷ್ಟ. ಜೋಯಿಡಾ ಕಡೆಯ ರಾಮನಗರದಿಂದ ಒಬ್ಬ ಬಂದು ರಸ್ತೆಯಾಚೆ, ನನ್ನ ಎದುರಿಗೇ ಕನ್ನಡಿ ಅಂಗಡಿ ತೆರೆದ. ಬರೀ ಅಂಗಡಿಯಾದರೆ ತಡೆದುಕೊಳ್ಳುತ್ತಿದ್ದೆ. ತೆರೆದ ದಿನದಿಂದ ಅವನಲ್ಲಿ ಗಿರಾಕಿಗಳು. ನನ್ನಲ್ಲಿ ಇಬ್ಬರು ಬಂದರೆ ಅವನಲ್ಲೂ ಇಬ್ಬರು. ನನ್ನಲ್ಲಿ ನಾಲ್ವರು ಸೇರಿದ ದಿನ ಅವನಲ್ಲೂ ನಾಲ್ವರು. ಇದೆಂಥ ಜಿದ್ದು ಎಂದು ನನಗೆ ಎದೆ ಉರಿ ಶುರುವಾಯಿತು.

ದೂರದ್ದು ಕಾಣಲಿ ಎಂದು ಡಾಕ್ಟರು ಚಸ್ಮಾ ಕೊಟ್ಟಿದ್ದರು. ಗಾಜು ಮಾರುವವನೇ ಗಾಜು ಹಾಕಿಕೊಂಡರೆ ಜನ ನಕ್ಕಾರು ಎಂದು ಅದನ್ನು ಹಣದ ಗಲ್ಲೆಯಲ್ಲೇ ಇಟ್ಟಿದ್ದೆ. ದೂರದ್ದೆಲ್ಲ ಮಸುಕು, ಆದರೂ ಒಬ್ಬ ಮನುಷ್ಯ ಮಾತ್ರ ನನ್ನ ಕಣ್ಣು ತಪ್ಪುತ್ತಿರಲಿಲ್ಲ. ಎದುರಂಗಡಿಯ ಒಳಗೆ, ನನ್ನ ಹಾಗೇ ಗಲ್ಲೆಯ ಮೇಲೆ ಕೂತು, ದಿನವಿಡೀ ನನ್ನ ಅಂಗಡಿಯನ್ನೇ ನುಂಗುವ ಹಾಗೆ ನೋಡುತ್ತಿದ್ದ. ಅಷ್ಟು ಹುಳ್ಳಗಿನ ಮುಖವನ್ನು ನಾನು ಎಲ್ಲೂ ಕಂಡಿರಲಿಲ್ಲ.

ಹೀಗೆ ಎರಡು ತಿಂಗಳು ಕಳೆದವು. ಮುಂಡಗೋಡದಲ್ಲಿ ಹೆಂಡತಿಯ ಅಕ್ಕನ ಮಗಳ ಮದುವೆ ಬಂತು. ಹೊರಡುವ ದಿನ ಪಕ್ಕದ ಮನೆಗೆ ಬೀಗ. ಪಾಪ, ಅವಳಿಗೆ ನೋಡಿಕೊಳ್ಳಲು ಕನ್ನಡಿಯೇ ಇಲ್ಲ. ಅಂದಾಜಿಗೇ ಸೀರೆ ಉಟ್ಟು ಅಂಗಡಿಗೆ ಬಂದು ನನ್ನ ಪಕ್ಕ ನಿಂತಳು.

"ಅಂಗಡಿ ಬಾಗಲಾ ಹಾಕ್ರಿ, ಹೋಗೂಣು. ಸೀರಿ ಹೆಂಗ ಕಾಣ್ತೈತಿ?"

ನನ್ನ ಕಣ್ಣು ಎದುರಂಗಡಿಯ ಮೇಲಿತ್ತು.

"ಸೀರಿ ಇರ್ಲಿ, ಅಲ್ಲಿ ನೋಡು. ಹಸರು ಸೀರಿ ಉಟ್ಟ ಹೆಣ್ಣಮಗಳು ಬಂದಾಳ ಅವನ ಅಂಗಡೀಗೆ. ಎಷ್ಟು ಚಂದ ಅದಾಳ ನೋಡು, ಲಕ್ಷ್ಮಿ ಹಂಗ. ಇಂಥಾ ಗಿರಾಕಿ ನನ್ನ ಅಂಗಡೀಗೆ ಒಂದರ ಬರ್ತಾವೇನು?"

ಹೆಂಡತಿ ನೋಡಿದಳು.

"ಆಕಿ ಬಾಜೂಕ ಕುಂತಾಂವ ಯಾರು?"

"ಅವನ ಸಂಬಂಧಿ ಇರಬೇಕು. ಎರಡು ತಿಂಗಳಾತು, ನನ್ನ ಅಂಗಡಿ ಮ್ಯಾಲೆ ಕಣ್ಣು ಹಾಕ್ಯಾನ. ಮಾರಿ ನೋಡು, ಹಸೀ ಹಾಗಲಕಾಯಿ ತಿಂದಾಂವ."

"ನಿಮ್ಮ ಕೈ ಎತ್ರಿ."

"ಯಾಕ?"

"ಎತ್ರಿ ಅಂದೆ."

ಎತ್ತಿದೆ. ಹಾಗಲಕಾಯಿ ತಿಂದವನೂ ಕೈ ಎತ್ತಿದ. ಹೆಂಡತಿ ಸೆರಗು ಸರಿ ಮಾಡಿಕೊಂಡಳು. ಹಸಿರು ಸೀರೆಯವಳೂ ಸೆರಗು ಸರಿ ಮಾಡಿಕೊಂಡಳು. ತಿರುಗಿ ನೋಡಿದರೆ ನನ್ನ ಹೆಂಡತಿ ಉಟ್ಟದ್ದೂ ಹಸಿರು ಸೀರೆ. ಆ ಪುಣ್ಯಾತ್ಮ ತನ್ನ ಹಿಂಗೋಡೆಗೆ ರಸ್ತೆಯ ಕಡೆ ಮುಖ ಮಾಡಿ ಒಂದು ದೊಡ್ಡ ಕನ್ನಡಿ ಹಾಕಿದ್ದ. ಎರಡು ತಿಂಗಳಿಂದ ನಾನು ಹೊಟ್ಟೆ ಉರಿದುಕೊಂಡದ್ದು ನನ್ನ ಅಂಗಡಿಯ ಗಿರಾಕಿಗಳ ಮೇಲೆಯೇ. ಕನ್ನಡಿಯೊಳಗಿನ ಗಂಟು ಎಂಬ ಮಾತನ್ನು ಕನ್ನಡಿಯವನೇ ಮರೆತರೆ ಹೀಗಾಗುತ್ತದೆ.

"ಆ ಮಂಗಟ್ಟಿಗೆ ನಕ್ಕಿದ್ರಿ" ಎಂದಳು ಹೆಂಡತಿ. ಅವಳು ನಗುತ್ತಿರಲಿಲ್ಲ. "ಇಪ್ಪತ್ತು ವರ್ಷದಾಗ ಮೊದಲನೇ ಸಲ ಚಂದ ಅಂದ್ರಿ. ಅದೂ ಎದುರಂಗಡ್ಯಾಕಿಗೆ."

ತಡೆಯುವ ಮುಂಚೆಯೇ ರಸ್ತೆ ದಾಟಿದಳು. ಆ ಕನ್ನಡಿಯ ಮುಂದೆ ನಿಂತು, ನೆತ್ತಿಯಿಂದ ನೆರಿಗೆಯ ತನಕ ನೋಡಿಕೊಂಡಳು. ಹಿಂದೆ ತಿರುಗಿ ನೋಡಿಕೊಂಡಳು. ಆಮೇಲೆ ಅದನ್ನು ಗೋಡೆಯಿಂದ ಇಳಿಸಲು ಹೇಳಿದಳು.

ರಾಮನಗರದವನೇ ಹೊತ್ತು ತಂದ. ನನ್ನನ್ನು ಕಂಡು ನಾಚಿಕೊಂಡು, "ಅಣ್ಣಾರ, ದೊಡ್ಡ ಕನ್ನಡೀದು ಇದ ನನ್ನ ಬೋಣಿಗಿ. ವೈನಿ ಕೈಲೆ ಆತು" ಎಂದ. "ನಿಮ್ಮ ಅಂಗಡೀ ಗದ್ದಲ ಈ ಕನ್ನಡ್ಯಾಗ ನೋಡಿ ನೋಡಿ ನನಗೂ ಹೊಟ್ಟಿ ಉರದಿತ್ರಿ" ಎಂದೂ ಸೇರಿಸಿದ. ಆ ಒಂದು ಮಾತಿಗೆ ಅವನ ಮೇಲಿನ ನನ್ನ ಸಿಟ್ಟೆಲ್ಲ ಇಳಿಯಿತು.

ತೂಗುಹಾಕುವ ಮುಂಚೆ ಹೆಂಡತಿ ಅದರ ಬೆನ್ನಿಗೆ ಎಣ್ಣೆ ಬಣ್ಣದಲ್ಲಿ 'ಮನಿ' ಎಂದು ಬರೆದಳು. ಒದ್ದೆ ಬಟ್ಟೆಗೆ ಹೋಗುವಂಥದ್ದಲ್ಲ ಅದು.

ಈಗ ಆ ಹಾಗಲಕಾಯಿ ಮುಖದವನನ್ನು ದಿನಾ ಬೆಳಿಗ್ಗೆ ನಮ್ಮ ಮನೆಯಲ್ಲೇ ನೋಡುತ್ತೇನೆ. ಅವನ ಪಕ್ಕದಲ್ಲಿ ಅವಳು ನಿಂತು ಕುಂಕುಮ ಇಟ್ಟುಕೊಳ್ಳುತ್ತಿರುತ್ತಾಳೆ. ಈ ಮುಖಕ್ಕೆ ಅಂಥ ಹೆಂಡತಿ ಹೇಗೆ ಸಿಕ್ಕಳು ಎಂದು ಅವನನ್ನು ಕಂಡರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.