ಅಳಿಯನಿಗೆ ‘ರಿ’ ಬೇಡ, ಗಾಡಿಗೆ ಬ್ರೇಕ್ ಬೇಕು

ಬೀದರ ಬಿಟ್ಟು ಛತ್ರಪತಿ ಸಂಭಾಜಿನಗರಕ್ಕೆ ಬಂದು ನನ್ನ ಅರ್ಧ ಆಯುಷ್ಯ ಕಳೆಯಿತು. ಚಿಕಲಠಾಣಾದ ಕಾರ್ಖಾನೆಯೊಂದರಲ್ಲಿ ಸ್ಟೋರ್ ನೋಡಿಕೊಳ್ಳುತ್ತೇನೆ. ಕೆಲಸಕ್ಕೆ ಮರಾಠಿ, ಬಜಾರಕ್ಕೆ ಹಿಂದಿ, ಮನೆಗೆ ಕನ್ನಡ. ಮೂರು ಭಾಷೆ ಬಲ್ಲವನಿಗೆ ಮೂರು ಪಟ್ಟು ಅನುಕೂಲ ಎಂದು ಜನ ತಿಳಿದಿದ್ದಾರೆ. ಫಜೀತಿಯೂ ಮೂರು ಪಟ್ಟು ಎಂದು ಯಾರೂ ಹೇಳುವುದಿಲ್ಲ. ನನಗಂತೂ ಅಂಥವು ಆಗುತ್ತಲೇ ಇರುತ್ತವೆ. ಗಾಡಿಯ ಬ್ರೇಕ್ ಪ್ಯಾಡ್ ಸವೆದಾಗ ಮಾತ್ರ ಎಲ್ಲ ಒಟ್ಟಿಗೇ ಬಂದವು.

ಕಿರ್ರ್

ಮಗಳು ನಾಸಿಕ್‌ನಲ್ಲಿದ್ದಾಳೆ. ಮೆಚ್ಚಿ ಮದುವೆಯಾದದ್ದು ಮರಾಠಿ ಹುಡುಗನನ್ನು. ಅವನು ಪಿಂಪಳಗಾಂವ್ ಬಸವಂತ್‌ನಲ್ಲಿ ದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜಿನ ಮೇಲ್ವಿಚಾರಕ. ಮಗಳನ್ನು ಚೊಚ್ಚಲ ಹೆರಿಗೆಗೆ ನಮ್ಮ ಮನೆಗೆ ಕರೆತರಬೇಕಿತ್ತು. ಸರಿಯಾಗಿ ಆ ಹೊತ್ತಿಗೇ ನಮ್ಮ ಹಳೆಯ ಗಾಡಿ, ಬ್ರೇಕ್ ಹಾಕಿದಾಗಲೆಲ್ಲ ಕಿರ್ರ್ ಅನ್ನತೊಡಗಿತು.

“ಏನ್ರಿ ಅದು ಸಪ್ಪಳ?” ಎಂದಳು ಹೆಂಡತಿ.

“ಧೂಳು ಕುಂತಿರಬೇಕು.”

“ಧೂಳಿಗಿ ಬಾಯಿ ಬಂದದೇನು?”

ಗಾಡಿಯಲ್ಲಿ ನನ್ನ ಪಕ್ಕ ಕೂತರೆ ಅವಳದೊಂದು ಚಾಳಿ. ಮುಂದೆ ಎಮ್ಮೆ ಕಂಡರೂ ಸರಿ, ಲಾರಿ ಕಂಡರೂ ಸರಿ, ನನಗಿಂತ ಮೊದಲು ತನ್ನ ಬಲಗಾಲನ್ನು ನೆಲಕ್ಕೆ ಊರಿ ತಾನೇ ಬ್ರೇಕ್ ಹಾಕುತ್ತಾಳೆ. ಮನೆಗೆ ಬಂದು ಗಾಲಿಯ ಸಂದಿಯಲ್ಲಿ ಬ್ಯಾಟರಿ ಬೆಳಕು ಬಿಟ್ಟು ನೋಡಿದೆ. ಪ್ಯಾಡ್ ಎಂಬುದು ಹೆಸರಿಗಷ್ಟೇ ಉಳಿದಿತ್ತು. “ಸವದು ಹೋಗ್ಯಾವ, ಬದಲಿ ಮಾಡಬೇಕು” ಎಂದೆ.

ಅವಳು ತನ್ನ ಕಡೆಯ ಬಾಗಿಲು ತೆರೆದು ಕಾಲ ಕೆಳಗಿನ ಮ್ಯಾಟ್ ತೋರಿಸಿದಳು. ಹಿಮ್ಮಡಿಯ ಜಾಗದಲ್ಲಿ ತೂತು ಬಿದ್ದಿತ್ತು.

“ನನ್ನ ಕಡೀದೂ ಸವದದ. ಎರಡೂ ಕೂಡೇ ಹಾಕಸ್ರಿ.”

ನಾವು ಕನ್ನಡದವರು

ಬಿಡಿಭಾಗದ ಅಂಗಡಿಗೆ ಇಬ್ಬರೂ ಹೋದೆವು. ನಮ್ಮ ನಮ್ಮಲ್ಲಿ ಮಾತಾಡುವುದನ್ನು ಕೇಳಿ ಅಂಗಡಿಯವನು, “ಇದು ಯಾವ ಭಾಷೆ?” ಎಂದು ಮರಾಠಿಯಲ್ಲಿ ಕೇಳಿದ.

“ಕನ್ನಡ. ನಾವು ಕನ್ನಡದವರು.”

ಅವನ ಮುಖ ಗಂಭೀರವಾಯಿತು. ನಮ್ಮ ಜಿಲ್ಲೆಯಲ್ಲಿ ‘ಕನ್ನಡ’ ಎಂಬ ಹೆಸರಿನದೇ ಒಂದು ಊರಿದೆ, ಅದರ ಪಕ್ಕದಲ್ಲಿ ಕಡಿದಾದ ಘಾಟಿದೆ ಎಂಬುದು ನನಗೆ ನೆನಪಾಗುವಷ್ಟರಲ್ಲಿ ತಡವಾಗಿತ್ತು.

“ಅದಕ್ಕೇ ಸವೆದಿವೆ! ದಿನಾ ಘಾಟ್ ಇಳಿಯುತ್ತೀರಿ, ಬರೀ ಬ್ರೇಕ್ ಮೇಲೆ ಇಳಿಯುತ್ತೀರಿ. ಎರಡನೇ ಗಿಯರ್‌ನಲ್ಲಿ ಇಳಿಯಬೇಕು ಕಾಕಾ.”

“ನಾನು ಹೇಳಿದ್ದು ಊರಲ್ಲ, ಭಾಷೆ. ನಮ್ಮದು ಬೀದರ.”

ಅವನು ಪ್ಯಾಡಿನ ಡಬ್ಬಿ ನನ್ನ ಕೈಗಿತ್ತು, ದೊಡ್ಡವರಿಗೆ ತಿಳಿಹೇಳುವವನ ಸಮಾಧಾನದಲ್ಲಿ ಹೇಳಿದ: “ಭಾಷೆ ಯಾವುದಾದರೇನು ಕಾಕಾ, ಘಾಟ್ ಎಲ್ಲರಿಗೂ ಒಂದೇ.”

ಬಿಚ್ಚು

ನಮ್ಮ ಮೆಕ್ಯಾನಿಕ್ ಮದುವೆಗೆಂದು ಊರಿಗೆ ಹೋಗಿದ್ದ. ನಾಸಿಕ್‌ನಲ್ಲೇ ಹಾಕಿಸಿದರಾಯಿತು ಎಂದು ಮೆಲ್ಲಗೆ ಹೊರಟೆವು. ಮುಟ್ಟುವ ಹೊತ್ತಿಗೆ ಕಿರ್ರ್ ಎಂಬುದು ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದ ಸದ್ದಾಗಿತ್ತು. ಅಂದು ಭಾನುವಾರ, ಗ್ಯಾರೇಜುಗಳೆಲ್ಲ ಬಾಗಿಲು ಹಾಕಿದ್ದವು. ಮರುದಿನ ಅಮಾವಾಸ್ಯೆ, ಅಮಾವಾಸ್ಯೆಗೆ ಬಸುರಿ ಮಗಳನ್ನು ಹೊಸ್ತಿಲು ದಾಟಿಸಲು ಹೆಂಡತಿ ಒಪ್ಪುವವಳಲ್ಲ.

“ಮಾವಾರ, ನಾ ಮಾಡ್ತೀನಿ. ನನ್ನ ಬೈಕಿಂದು ನಾನೇ ಹಾಕ್ತೀನಿ” ಎಂದ ಅಳಿಯ.

ಅದೇ ಗಾಡಿಯಲ್ಲಿ ನನ್ನ ಮಗಳು ಕೂಡಬೇಕು, ಅವಳ ಹೊಟ್ಟೆಯಲ್ಲಿ ಒಂದು ಜೀವ. ಮಗಳೂ ಮೊದಲೇ ಹೇಳಿಬಿಟ್ಟಳು: “ನನ್ನ ಕಣ್ಣಮುಂದ ಬ್ರೇಕ್ ಹಿಡೀಬೇಕು. ಇಲ್ಲಂದ್ರ ನಾ ಕೂಡಂಗಿಲ್ಲ.”

ಇನ್ನೊಂದು ತೊಡಕಿತ್ತು. ಹುಟ್ಟುವ ಕೂಸಿನ ಜೊತೆ ಕನ್ನಡದಲ್ಲಿ ಮಾತಾಡಬೇಕೆಂದು ಅಳಿಯ ಹಟ ಹಿಡಿದು ಕಲಿಯುತ್ತಿದ್ದ. ನನ್ನ ಕೂಡ ಮರಾಠಿ ಆಡುವುದೇ ಇಲ್ಲ ಎಂದು ಆಣೆ ಹಾಕಿದ್ದ. ಆದರೆ ನಮ್ಮ ಕಡೆ ಅಳಿಯನಿಗೆ ‘ರಿ’ ಹಚ್ಚದೆ ಮಾತಾಡುವ ಪದ್ಧತಿಯಿಲ್ಲ. ಬರ್ರಿ, ಕೂಡ್ರಿ, ಉಣ್ರಿ ಎಂದು ಕೇಳಿ ಕೇಳಿ ಅವನಿಗೆ ಎಲ್ಲ ಮಾತೂ ಒಂದೇ ಥರ ಕೇಳಿಸುತ್ತಿತ್ತು. “ನನಗ ‘ರಿ’ ಬ್ಯಾಡ್ರಿ ಮಾವಾರ. ಬರೀ ಶಬ್ದ ಹೇಳ್ರಿ” ಎಂದ. ಹೆಂಡತಿ ನನ್ನತ್ತ ಕಣ್ಣು ಬಿಟ್ಟಳು. ನಾನು ಒಪ್ಪಿಕೊಂಡೆ.

ಕಟ್ಟಡದ ಪಾರ್ಕಿಂಗಿನಲ್ಲಿ ಅಳಿಯ ಗಾಲಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಜಾಕ್ ಏರಿಸುವ ಮೊದಲೇ ನಟ್ ಸಡಿಲಿಸಬೇಕಲ್ಲ, ನಾನು ಗಾಲಿಗೆ ಬೆರಳು ತೋರಿಸಿ ಅಂದೆ: “ಬಿಚ್ಚು!”

ಅವನು ನಟ್ ತಿರುಗಿಸುವ ಪಾನಾ ಎಸೆದು ಹಿಂದಕ್ಕೆ ಹಾರಿದ. ಹಿಂದಿಯ ಬಿಚ್ಛೂ ಎಂದರೆ ಚೇಳು. ಅವನು ಹಾರಿದ್ದನ್ನು ನೋಡಿ ವಾಚ್‌ಮನ್ ಕೋಲು ಹಿಡಿದು ಓಡಿಬಂದ. “ಚೇಳಲ್ಲ, ನಟ್!” ಎಂದು ನಾನು ಎಷ್ಟು ಹೇಳಿದರೂ ವಾಚ್‌ಮನ್ ಕೇಳಲಿಲ್ಲ. ದೊಡ್ಡವರು ಕಣ್ಣಾರೆ ಕಂಡು ಬೆರಳು ತೋರಿಸಿದ್ದಾರೆ, ಹೆದರಿಸಬಾರದೆಂದು ಈಗ ಸುಳ್ಳು ಹೇಳುತ್ತಿದ್ದಾರೆ ಎಂದು ಅವನ ತೀರ್ಮಾನ. ಇವತ್ತಿಗೂ ಆ ಜಾಗದಲ್ಲಿ ಯಾರನ್ನೂ ಗಾಡಿ ನಿಲ್ಲಿಸಗೊಡುವುದಿಲ್ಲವಂತೆ.

ಒತ್ತು

ಕೆಲಸದಲ್ಲಿ ಅಳಿಯ ಅಚ್ಚುಕಟ್ಟು, ಅದನ್ನು ಒಪ್ಪಲೇಬೇಕು. ಹಳೆಯ ಪ್ಯಾಡ್ ತೆಗೆದ, ಪಿಸ್ಟನ್ ಹಿಂದಕ್ಕೆ ತಳ್ಳಿದ, ಹೊಸವು ಕೂಡಿಸಿದ. ಇನ್ನು ಉಳಿದದ್ದು ಒಂದೇ: ಪೆಡಲನ್ನು ಮತ್ತೆ ಮತ್ತೆ ಒತ್ತಿ ಗಟ್ಟಿ ಮಾಡಿಕೊಳ್ಳುವುದು. ಅದನ್ನು ಮರೆತರೆ ರಸ್ತೆಯಲ್ಲಿ ಮೊದಲ ಸಲ ಕಾಲಿಟ್ಟಾಗ ಪೆಡಲ್ ಬುಡಕ್ಕಿಳಿಯುತ್ತದೆ, ಗಾಡಿ ನಿಲ್ಲುವುದಿಲ್ಲ.

ಪ್ಯಾಡ್ ಹಿಡಿಯುತ್ತದೋ ಇಲ್ಲವೋ ನೋಡಲು ನಾನು ಬಿಚ್ಚಿದ ಗಾಲಿಯ ಪಕ್ಕ ನೆಲಕ್ಕೆ ಕೂತೆ. ಅಳಿಯ ಒಳಗೆ ಕೂತಿದ್ದಾನೆ ಎಂದೇ ನನ್ನ ಲೆಕ್ಕ. ಅವನು ಬಾನೆಟ್ಟಿನ ಆಚೆ, ಬ್ರೇಕ್ ಆಯಿಲ್ ಎಷ್ಟಿದೆ ಎಂದು ನೋಡುತ್ತ, ಬಾಟಲಿ ಹಿಡಿದು ನಿಂತಿದ್ದ.

“ಒತ್ತು” ಎಂದೆ.

ಪ್ಯಾಡ್ ಅಲುಗಲಿಲ್ಲ.

“ಒತ್ತು, ಇನ್ನೂ ಒತ್ತು!”

“ಪೂರಾ?”

“ಪೂರಾ! ಜೋರಲೇ!”

ಮೇಲಿನಿಂದ ಟಪಟಪ ಎಂದು ಎಣ್ಣೆ ನನ್ನ ಕಣ್ಣೆದುರೇ ಸುರಿಯತೊಡಗಿತು. ಪೈಪ್ ಒಡೆಯಿತು! ಈ ಗಾಡಿಯಲ್ಲಿ ನನ್ನ ಮಗಳನ್ನು ಕೂಡಿಸಲಾರೆ ಎಂದು ಅಲ್ಲೇ ನಿರ್ಧರಿಸಿಬಿಟ್ಟೆ. ಎದ್ದು ನೋಡಿದರೆ ಅಳಿಯ ಖಾಲಿ ಬಾಟಲಿಯ ಕೊನೆಯ ಹನಿಯನ್ನೂ ಝಾಡಿಸುತ್ತಿದ್ದ. ಮರಾಠಿಯಲ್ಲಿ ಓತ್ ಎಂದರೆ ಸುರಿ.

“ಅಳಿಯಗ ‘ರಿ’ ಬಿಟ್ಟು ಮಾತಾಡಿದ್ರ ಹಿಂಗೇ ಆಗ್ತದ” ಎಂದಳು ಮೆಟ್ಟಿಲ ಮೇಲಿನಿಂದ ಹೆಂಡತಿ. “ಒತ್ರಿ ಅಂದಿದ್ರ ಸುರೂತಿದ್ರೇನು?”

ಮಗಳು ಹೊಟ್ಟೆ ಹಿಡಿದುಕೊಂಡು, “ನಗಸಬ್ಯಾಡ್ರಿ, ಇಲ್ಲೇ ಹಡೀತೀನಿ!” ಎಂದಳು.

ಅಳಿಯ ಮಾತ್ರ ನಗಲಿಲ್ಲ. ಆಣೆ ಮರೆತು ಮರಾಠಿಯಲ್ಲಿ ಮೆಲ್ಲಗೆ ಹೇಳಿದ: “ನನ್ನ ಕೂಸಿಗೂ ನಾನು ಹೀಗೇ ಅರ್ಥವಾಗದವನಾಗಿ ಉಳಿಯುತ್ತೇನೇನೋ.”

ಪಾಸ್

ಬ್ರೇಕ್ ಆಯಿಲ್ ಬಣ್ಣ ತಿನ್ನುತ್ತದೆ ಎಂದು, ಎಣ್ಣೆ ಡಬ್ಬಿಯ ಮುಚ್ಚಳ ಬಿಗಿದು, ಇಬ್ಬರೂ ಬಕೆಟ್ಟುಗಟ್ಟಲೆ ನೀರು ಹಾಕಿ ತೊಳೆದೆವು. ಹೆಚ್ಚಾದ ಎಣ್ಣೆಯನ್ನು ಸಿರಿಂಜಿನಿಂದ ಎಳೆದು, ಮತ್ತೆ ಮುಚ್ಚಳ ಹಾಕಿ, ಗಾಲಿ ಕಟ್ಟಿ, ಜಾಕ್ ಇಳಿಸಿ, ಗಾಲಿಗೆ ಅಡ್ಡ ಇಟ್ಟಿದ್ದ ಇಟ್ಟಿಗೆ ಸರಿಸಿದೆವು. ಅಳಿಯ ಒಳಗೆ ಕೂತು ಹ್ಯಾಂಡ್‌ಬ್ರೇಕ್ ಇಳಿಸಿದ. ಇನ್ನೊಮ್ಮೆ ಅನಾಹುತ ಬೇಡವೆಂದು ನಾನು ಮರಾಠಿಯಲ್ಲೇ, “ದಾಬಾ” ಎಂದೆ.

ಅವನು ಒತ್ತಲಿಲ್ಲ. “ಕನ್ನಡದಾಗ ಹೇಳ್ರಿ, ಮಾವಾರ” ಎಂದ.

ಮಗಳು ಆರಿಸಿದ್ದು ತಪ್ಪಲ್ಲ ಅನಿಸಿತು. “ಒತ್ತು” ಎಂದೆ. ಒತ್ತಿದ. ಪೆಡಲ್ ಮೊದಮೊದಲು ಬುಡಕ್ಕಿಳಿಯಿತು. ಬರಬರುತ್ತ ಗಟ್ಟಿಯಾಯಿತು. “ಗಟ್ಟಿ ಆಯ್ತು!” ಎಂದು ಕೂಗಿದ.

ನನ್ನ ಎದೆಯ ಭಾರ ಇಳಿಯಿತು. ಗಾಡಿಯ ಮುಂದೆ ನಿಂತು ಬಾನೆಟ್ ಮುಚ್ಚಿದೆ.

ಅವನು ಕಿಟಕಿಯಿಂದ ತಲೆ ಹೊರಹಾಕಿ ಕೇಳಿದ: “ಮಾವಾರ, ‘ಓತ್’ ಅನ್ಲಿಕ್ಕಿ ನಮ್ಮ ಕನ್ನಡದಾಗ ಏನಂತಾರ?”

‘ನಮ್ಮ ಕನ್ನಡ’ ಎಂದದ್ದಕ್ಕೆ ನಾನು ಕರಗಿಹೋದೆ. ಪ್ರೀತಿಯಿಂದ, ಜೋರಾಗಿ ಹೇಳಿದೆ: “ಸುರು!”

ನಮ್ಮ ಕಡೆ ಸುರು ಎಂದರೆ ಸುರಿ, ಮರಾಠಿಯಲ್ಲಿ ಚಾಲೂ.

ಅವನು ಕೀಲಿ ತಿರುವಿದ. ಗಿಯರ್‌ನಲ್ಲೇ ಇದ್ದ ಗಾಡಿ ನನ್ನ ಮೇಲೆ ಜಿಗಿಯಿತು. ನಾನು ಕಣ್ಣು ಮುಚ್ಚಿದೆ. ಬೀದರ ಕಂಡಿತು, ತೀರಿಹೋದ ಅಪ್ಪ ಕಂಡರು. ಕಣ್ಣು ತೆರೆದಾಗ ಬಂಪರಿಗೂ ನನ್ನ ಮೊಳಕಾಲಿಗೂ ನಡುವೆ ಒಂದು ಗೇಣು ಜಾಗವಿತ್ತು. ಬ್ರೇಕ್ ಒತ್ತಿ ಹಿಡಿದ ಅಳಿಯನ ಮುಖ ಸುಣ್ಣದಂತಾಗಿತ್ತು. ಕಿರ್ರ್ ಎನ್ನುವ ಸದ್ದು ಮಾತ್ರ ಇರಲಿಲ್ಲ.

ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಮಗಳು ಒಂದೊಂದೇ ಮೆಟ್ಟಿಲು ಇಳಿದು ಬಂದು, ಬಂಪರ್ ನೋಡಿದಳು, ನನ್ನ ಮೊಳಕಾಲು ನೋಡಿದಳು, ಬ್ಯಾಗನ್ನು ಹಿಂದಿನ ಸೀಟಿಗೆ ಹಾಕಿದಳು.

“ಅಪ್ಪ ಉಳದಾನ. ಬ್ರೇಕ್ ಪಾಸ್. ನಡೀರಿ ಹೋಗಮು.”