ಚಾಂದನ ಚಾರ್ಜು ತಗೊಂಡಿದ್ದು

ನನಗೆ ಸಣ್ಣ ಜೀವಗಳನ್ನು ಕಂಡರೆ ಭಾಳ ಭಯ. ಹುಲಿ, ಕರಡಿಗೆ ಎಲ್ಲರೂ ಅಂಜುತ್ತಾರೆ, ಅದರಲ್ಲೇನು ದೊಡ್ಡಸ್ತಿಕೆ? ನನ್ನ ಅಂಜಿಕೆಯೇ ಬೇರೆ. ಆ ಪುಟ್ಟ ಜೀವಕ್ಕೆ ನನ್ನ ಕೈಯಲ್ಲಿ ಏನಾದರೂ ಆಗಿಬಿಟ್ಟರೆ ಎಂಬ ಅಂಜಿಕೆ. ವಾಡಿ ಜಂಕ್ಷನ್ನಿನಲ್ಲಿ ಗೂಡ್ಸ್ ಗಾಡಿಗಳ ತಪಾಸಣೆ ಮಾಡುತ್ತ ಇಪ್ಪತ್ತೆಂಟು ವರ್ಷ ಕಳೆದವನು ನಾನು. ಡಬ್ಬಿಗಳ ಹೊಟ್ಟೆಯ ಕೆಳಗೆ ಬಗ್ಗಿ, ಗಾಲಿಗೆ ಸುತ್ತಿಗೆ ಬಡಿದು ಸದ್ದು ಕೇಳುವಾಗ ಎದೆ ಒಮ್ಮೆಯೂ ಅಳುಕಿಲ್ಲ. ಆದರೆ ಮಗಳು ಸುಜಾತಾ ಹುಟ್ಟಿದಾಗ ಮಾತ್ರ ಕೈಗೆ ಗ್ರೀಸ್ ಹತ್ಯದ, ಡ್ಯೂಟಿಗೆ ಹೊತ್ತಾತು ಎಂದು ದಿನಾ ಒಂದು ನೆಪ ತೆಗೆದು ಅವಳನ್ನು ಎತ್ತಿಕೊಳ್ಳದೆ ತಪ್ಪಿಸಿಕೊಂಡೆ. ಕೊನೆಗೆ ಅವಳೇ ಪುಟ್ಟ ಹೆಜ್ಜೆ ಇಡುತ್ತ ಬಂದು ನನ್ನ ಮೊಣಕಾಲು ಹಿಡಿದಳು. ಎರಡು ತಿಂಗಳ ಹಿಂದೆ ಅವಳು ಏಳು ತಿಂಗಳ ಬಸುರಿಯಾಗಿ ಹೆರಿಗೆಗೆಂದು ನಮ್ಮ ಮನೆಗೆ ಬಂದಿದ್ದಳು.

ಪಕ್ಕದ ಕ್ವಾರ್ಟರ್ಸಿನ ಮೆಹಬೂಬನ ಮನೆಯವರೆಲ್ಲ ಅದೇ ಹೊತ್ತಿಗೆ ಚಿಂಚೋಳಿಗೆ ಎರಡು ದಿನದ ಮದುವೆಗೆ ಹೊರಟರು. ಐದನೇ ಕ್ಲಾಸಿನ ಅವನ ಮಗಳು ಸನಾ ತನ್ನ ಬಿಳಿ ಮೊಲ ಚಾಂದನನ್ನು ಬರುವವರೆಗೆ ನೋಡಿಕೊಳ್ಳಿರೆಂದು ಬುಟ್ಟಿಯಲ್ಲಿ ತಂದಳು. ನನ್ನ ಹೆಂಡತಿ ಶಾಂತಾ ನನ್ನ ಮುಖ ಸಹ ನೋಡದೆ ಹ್ಞೂಂ ಅಂದುಬಿಟ್ಟಳು. ರೈಲ್ವೆಯವನು ಬರೆಯದೆ ಚಾರ್ಜು ತೆಗೆದುಕೊಳ್ಳುತ್ತಾನೆಯೇ? ಒಂದು ಹಾಳೆಯಲ್ಲಿ 'ಮೊಲ ಒಂದು, ಕಿವಿ ಎರಡು, ಸುಸ್ಥಿತಿಯಲ್ಲಿ' ಎಂದು ಬರೆದು ಸನಾಳ ಸಹಿ ಹಾಕಿಸಿಕೊಂಡೆ. ಕಿವಿ ಹಿಡಿದು ಎತ್ತಬಾರದು, ಬೆನ್ನಟ್ಟಿ ಹಿಡಿಯಬಾರದು, ಒದ್ದಾಡಿ ಕೈಜಾರಿ ಬಿದ್ದರೆ ಬೆನ್ನುಮೂಳೆ ಮುರಿಯುತ್ತದೆ ಎಂದು ಅವಳು ಹೇಳುತ್ತಲೇ ಇದ್ದಳು. ಬೆನ್ನುಮೂಳೆ ಎಂದ ಮೇಲೆ ಮುಂದಿನದು ನನ್ನ ಕಿವಿಗೆ ಬೀಳಲಿಲ್ಲ. ಹೋಗುವಾಗ ತಿರುಗಿ ನಿಂತು, "ಇದಕ್ಕೇನರ ಆದ್ರ ನಾ ಉಣ್ಣಂಗಿಲ್ರಿ ಕಾಕಾ," ಎಂದಳು.

ಮರುದಿನದವರೆಗೂ ನಾನು ಅದರಿಂದ ಎರಡು ಮಾರು ದೂರವೇ ಇದ್ದೆ. ನಯವಾದ ಪರಸಿ ಕಲ್ಲಿನ ನೆಲದ ಮೇಲೆ ಅದರ ಕಾಲು ಜಾರುತ್ತಿದ್ದುದನ್ನು ಕಂಡು ದೂರದಿಂದಲೇ ಗೋಣಿಚೀಲ ಹಾಸಿದೆ. ಆಗ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಸುಸ್ಥಿತಿಯಲ್ಲಿ ಎಂದು ಬರೆದವನು ಕೆಳಭಾಗ ನೋಡಿಯೇ ಇರಲಿಲ್ಲ! ಇಪ್ಪತ್ತೆಂಟು ವರ್ಷದ ಅಭ್ಯಾಸ ಸುಮ್ಮನೆ ಬಿಟ್ಟೀತೇ? ಧೈರ್ಯ ಮಾಡಿ ಎರಡೂ ಕೈಯಲ್ಲಿ ಹಿಡಿದು ಚಾಂದನನ್ನು ಅಂಗಾತ ಮಲಗಿಸಿದೆ.

ಅದು ಮರಗಟ್ಟಿಹೋಯಿತು. ನಾಲ್ಕೂ ಕಾಲು ಮೇಲೆ, ಕಣ್ಣು ತೆರೆದೇ ಇವೆ, ಅಲುಗಾಟವಿಲ್ಲ. ಸತ್ತೇಹೋಯಿತು ಅಂದುಕೊಂಡೆ. ಉಣ್ಣದೆ ಕೂತ ಸನಾಳ ಮುಖ ಕಣ್ಣ ಮುಂದೆ ಬಂತು. ಓಡಲೂ ಆಗದೆ, ಕೂಗಲೂ ಆಗದೆ ನಾನೂ ಅದರ ಹಾಗೆಯೇ ಬಿದ್ದುಕೊಂಡಿದ್ದೆ ಎನ್ನಬೇಕು. ಕೊನೆಗೆ ಸುಜಾತಾಳೇ ಮೆಹಬೂಬನಿಗೆ ಫೋನು ಹಚ್ಚಿ ನನ್ನ ಕಿವಿಗೆ ಹಿಡಿದಳು. ಆ ಕಡೆ ಮಾತಾಡಿದ್ದು ಸನಾ.

"ಸತ್ತಿಲ್ರಿ ಕಾಕಾ, ಅಂಜ್ಯದ. ಭಾಳ ಅಂಜಿದ್ರ ಹಂಗೇ ಬಿದ್ದಬಿಡ್ತದ."

ಆ ಮಾತು ಕೇಳಿ ನನಗೆ ಮೊಲದ ಮೇಲೆ ಅಕ್ಕರೆ ಉಕ್ಕಿತು. ನನ್ನ ಜಾತಿಯದೇ ಒಂದು ಸಿಕ್ಕಿತಲ್ಲ ಅನ್ನಿಸಿತು. ಮೆಲ್ಲಗೆ ಹೊರಳಿಸಿ ಕಾಲ ಮೇಲೆ ಇಡಬೇಕು, ಅದು ಸುಧಾರಿಸಿಕೊಳ್ಳುವವರೆಗೆ ಕಾಯಬೇಕು, ಆಮೇಲೆ ನಾವೂ ನೆಲಕ್ಕೆ ಕೂತು ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಹಿಂಭಾಗಕ್ಕೆ ಕೊಟ್ಟು ಮೈಗೆ ಒತ್ತಿಕೊಳ್ಳಬೇಕು ಎಂದು ಅವಳು ಹೇಳಿದಂತೆ ಮಾಡಿದೆ. ಅದರ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು, ನನ್ನದೂ. ಎರಡೂ ಒಂದು ಹದಕ್ಕೆ ಬರುವ ಹೊತ್ತಿಗೆ ನನ್ನ ಕಾಲು ಜೋಮು ಹಿಡಿದಿದ್ದವು. ಸುಜಾತಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಅಪ್ಪ, ನನ್ನೂ ಹಿಂಗ ಎತ್ಕೋಬಹುದಿತ್ತಲ್ಲ," ಎಂದಳು.

ಮರುದಿನ ಚಾಂದನನ್ನು ಸುಸ್ಥಿತಿಯಲ್ಲೇ ಒಪ್ಪಿಸಿ ಸಹಿ ತೆಗೆದುಕೊಂಡೆ, ಅಂಗಾತದ ಸಂಗತಿ ಬರೆಯಲಿಲ್ಲ.

ಹೋದ ವಾರ ಆಸ್ಪತ್ರೆಯಿಂದ ಬಂದ ಸುಜಾತಾ ಕೂಸನ್ನು ನನ್ನತ್ತ ಚಾಚಿದಳು. ಗ್ರೀಸ್ ಎನ್ನೋಣವೆಂದರೆ ರಜೆಯ ದಿನ. ಮೊದಲು ನೆಲಕ್ಕೆ ಕೂತೆ. ಆಮೇಲೆ ಎರಡೂ ಕೈ ಚಾಚಿದೆ. ಶಾಂತಾ ನಗುತ್ತ ಕೆಳಗೊಂದು ಗೋಣಿಚೀಲ ಹಾಸಲೇನು ಎಂದು ಕೇಳಿದಳು. ಅದು ಚೇಷ್ಟೆ ಎಂದು ನನಗೆ ಹೊಳೆಯಲೇ ಇಲ್ಲ. ಲಗೂ ಹಾಸು ಎಂದೆ.