ಹೆಸರಿಲ್ಲದ ಕಂಬ

ನಮ್ಮ ಸೋದರಮಾವ ಮುಖ ನೋಡದೆ ಒಂದು ರೂಪಾಯಿಯನ್ನೂ ಖರ್ಚು ಮಾಡಿದವರಲ್ಲ. ರೂಪಾಯಿಯ ಮುಖವಲ್ಲ, ಕೊಟ್ಟವರ ಮುಖ!

ಬೈಲಹೊಂಗಲ ಮುಗಿದು ಜೋಳದ ಹೊಲಗಳು ಶುರುವಾಗುವಲ್ಲಿ, ಸವದತ್ತಿ ರಸ್ತೆಯ ಪಕ್ಕಕ್ಕೆ ನಮ್ಮ ಕಾಲನಿ ಇದೆ. ನಲವತ್ತು ಮನೆ, ಒಂದು ನೀರಿನ ಟಾಕಿ, ಒಂದು ಮನೆ ಮಾಲೀಕರ ಸಂಘ. ಮೂರು ವರ್ಷ ಮಾಮಾ ಆ ಸಂಘದ ಖಜಾಂಚಿಯಾಗಿದ್ದರು. ನಾನು ಕೊನೆಯ ಓಣಿಯಲ್ಲಿ, ಒಬ್ಬರ ಮನೆಯ ಮಹಡಿ ಮೇಲೆ, ಹದಿನೇಳು ವರ್ಷದಿಂದ ಬಾಡಿಗೆಗಿರುವವಳು.

"ಎಲ್ಲಾರ ರೊಕ್ಕಾ ಒಂದ ಚೀಲದಾಗ ಹಾಕಿದ್ರ ಅದು ಯಾರದೂ ಅಲ್ಲದ ರೊಕ್ಕಾ ಆಗತೈತಿ" ಎನ್ನುವುದು ಮಾಮಾನ ಸಿದ್ಧಾಂತ. ಆದ್ದರಿಂದ ಅವರು ಒಂದೊಂದು ಮನೆಯ ವಂತಿಗೆಗೆ ಒಂದೊಂದು ವಸ್ತುವನ್ನು ಗಂಟು ಹಾಕಿದರು. ನಿಮ್ಮದರಿಂದ ಈ ಬೀದಿದೀಪ, ಅವರದರಿಂದ ಟಾಕಿಯ ವಾಲ್ವು, ಇನ್ನೊಬ್ಬರದರಿಂದ ಗಟಾರದ ಮೇಲಿನ ಮೂರನೆಯ ಚಪ್ಪಡಿ. ಪ್ರತಿಯೊಂದರ ಮೇಲೂ ಕೊಟ್ಟವರ ಹೆಸರನ್ನು ಬಿಳಿ ಬಣ್ಣದಲ್ಲಿ ತಾವೇ ಬರೆದರು. ಕೆಟ್ಟರೆ ಹೆಸರಿನವರೇ ಹೊಸದು ತರಬೇಕು. ಹೀಗಾಗಿ ಮುಸ್ಸಂಜೆಗೆ ನಮ್ಮ ಕಾಲನಿಯಲ್ಲಿ ಹತ್ತುವುದು ಬಲ್ಬುಗಳಲ್ಲ. ಮೊದಲು ಶಿವಪ್ಪ ಹತ್ತುತ್ತಾನೆ, ಆಮೇಲೆ ಗಿರಿಜಕ್ಕ, ನಿಂಗವ್ವ ಎರಡು ಸಲ ಕಣ್ಣು ಮಿಟುಕಿಸಿ ನಿಲ್ಲುತ್ತಾಳೆ. ಹೊಲದ ಕಡೆಯಿಂದ ಗಾಳಿ ಬಂದರೆ ಎಲ್ಲರೂ ಸ್ವಲ್ಪ ತೂಗುತ್ತಾರೆ.

ಇದರಿಂದಾದ ಅನಾಹುತ ಒಂದೆರಡೇ? ಒಂದು ಸಂಜೆ ನಿಂಗವ್ವ ಯಾವುದೋ ಕಂಬದ ಕೆಳಗೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತ, ಗಟಾರಕ್ಕೆ ಕಸ ಚೆಲ್ಲಿದ್ದಕ್ಕೆ ಗಿರಿಜಕ್ಕನನ್ನು ಬೈಯತೊಡಗಿದಳು. ಗಿರಿಜಕ್ಕ ಕಟ್ಟೆಗೆ ಬಂದು ನಿಂತಳು.

"ನನ್ನ ಬೆಳಕಿನ್ಯಾಗ ಕುಂತು ನನಗ ಬೈತಿಯಲ್ಲ, ನಾಚಿಕಿ ಬರೂದಿಲ್ಲೇನ ನಿನಗ?"

ನಿಂಗವ್ವ ತಲೆಯೆತ್ತಿ ಕಂಬದ ಹೆಸರು ಓದಿದಳು. ಹೌದು, ಗಿರಿಜಕ್ಕನದೇ. ಮೊರ ಎತ್ತಿಕೊಂಡು ಇಪ್ಪತ್ತು ಹೆಜ್ಜೆ ನಡೆದು ಶಿವಪ್ಪನ ಬೆಳಕಿನಲ್ಲಿ ಕೂತಳು. "ಈಗ ಕೇಳ!" ಎಂದು ಬಿಟ್ಟಲ್ಲಿಂದ ಮುಂದುವರಿಸಿದಳು.

ಟಾಕಿ ತೊಳೆಸಿದ ದಿನದ ಕಥೆ ಇನ್ನೂ ಚಂದ. ರಸೀದಿ ತೋರಿಸಿದರೆ ಸಾಲದೇ? ಮಾಮಾನಿಗೆ ಸಾಲದು. "ರೊಕ್ಕಾ ಕೊಟ್ಟೀರಿ, ಕಣ್ಣಾರೆ ನೋಡ್ರಿ" ಎಂದು ಮನೆಗೊಬ್ಬರನ್ನು ಏಣಿ ಹತ್ತಿಸಿದರು. ದಪ್ಪ ದೇಹದ ಮಾಸ್ತರರು ನಡುವೆ ಸಿಕ್ಕಿಬಿದ್ದಾಗ ಅವರ ಹೆಂಡತಿ ಕೆಳಗಿನಿಂದ, "ಇರ್ಲಿ ಬಿಡ್ರಿ, ಹಸಿವಾದ ಮ್ಯಾಲೆ ಇಳಿತಾರ" ಎಂದರು. ಗಿರಿಜಕ್ಕ ಇಳಿದು ಬಂದವಳು ಕನಸಿನಿಂದ ಎದ್ದವಳಂತೆ ನಿಂತಳು. "ಒಳಗ ನೀರಿನ್ಯಾಗ ಒಂದ ತುಂಡ ಆಕಾಶ ಮಲಗೇತ್ರಿ."

ನನಗೂ ಆಸೆಯಾಯಿತು. "ಮಾಮಾ, ನಾನೂ ನೋಡ್ಲೇನ್ರಿ?"

"ನೀ ಬಾಡಿಗಿಯಾಕಿ. ಏಣಿ ಹಿಡಕೋ."

ನೀವೇ ಹೇಳಿ, ಸ್ವಂತ ಅಕ್ಕನ ಮಗಳಿಗೆ ಹೇಳುವ ಮಾತೇ? ನಲವತ್ತು ಜನ ಆಕಾಶ ನೋಡಿ ಬರುವವರೆಗೆ ನಾನು ಏಣಿ ಹಿಡಿದೆ! ಮಾಲೀಕರಲ್ಲದವರಿಂದ ವಂತಿಗೆಯನ್ನೂ ಮುಟ್ಟಬಾರದು ಎಂಬ ನಿಯಮ ಬರೆದವರೂ ಮಾಮಾನೇ. ಹೆಸರಿಲ್ಲ ಎಂದಮೇಲೆ ಯಾರ ಬೆಳಕಿನಲ್ಲಿ ಕೂರಲಿ? ಅದೃಷ್ಟಕ್ಕೆ ನಮ್ಮ ಮಹಡಿಯ ಮೆಟ್ಟಿಲ ಮುಂದಿನ ಕಂಬಕ್ಕೆ ಹೆಸರೇ ಇರಲಿಲ್ಲ. ದಿನಾ ಸಂಜೆ ಅಲ್ಲೇ ಕೂತು ಮೆಂತ್ಯೆ ಸೋಸುತ್ತಿದ್ದೆ, ಅಂಗಿಗೆ ಗುಂಡಿ ಹಚ್ಚುತ್ತಿದ್ದೆ. ಒಮ್ಮೆ ಕೇಳಿದ್ದೆ.

"ಈ ಕಂಬ ಯಾರದ ಮಾಮಾ?"

"ಬಣ್ಣ ತೀರಿತ್ತು" ಎಂದು ಹೊರಟೇಹೋದರು. ಅದರ ಬಲ್ಬು ಕೆಟ್ಟಾಗಲೆಲ್ಲ ತಾವೇ ಏಣಿ ಹತ್ತುತ್ತಿದ್ದರು. ವೈರಮನ್‌ನನ್ನು ಹತ್ತಿರ ಬಿಡುತ್ತಿರಲಿಲ್ಲ.

ಹೋದ ಯುಗಾದಿಯ ಮುಂಚಿನ ಸಭೆ. ಟಾಕಿಯ ಕೆಳಗೆ ಮಾಮಾ ಎಂದಿನಂತೆ ಲೆಕ್ಕ ಓದುತ್ತಿದ್ದರು. "ವೈರಮನ್‌ಗೆ ಚಾ ಒಂದು. ನಾ ಕುಡಿದಿಲ್ಲ." ಆಗ ನಿವೃತ್ತ ಕಾರಕೂನರೊಬ್ಬರು ಎದ್ದರು.

"ಅಲ್ರೀ ಖಜಾಂಚಿಯವರ, ಮನಿ ನಲವತ್ತು. ಮೂರು ವರ್ಷದಿಂದ ತಿಂಗಳಾ ವಂತಿಗಿ ನಲವತ್ತೊಂದು. ಒಂದು ಯಾರದ್ರಿ?"

ಕಡಿಮೆ ಬಂದಿದ್ದರೆ ಬೈಯಲು ಮಾತುಗಳಿದ್ದವು. ಹೆಚ್ಚು ಬಂದರೆ ಏನನ್ನುವುದು? ಸಭೆ ಪೇಚಿಗೆ ಬಿತ್ತು. ಒಂದು ಚಹಾದ ಲೆಕ್ಕವನ್ನೂ ಒಪ್ಪಿಸುವ ಮನುಷ್ಯ ಬಾಯಿಯೇ ಬಿಡಲಿಲ್ಲ. ಮೂರು ಸಲ ಕೇಳಿದರು. ಮಾಮಾ ಲೆಕ್ಕದ ಪುಸ್ತಕ, ಕೀಲಿಕೈ, ಬಿಳಿ ಬಣ್ಣದ ಡಬ್ಬಿ ಮೂರನ್ನೂ ಕಾರಕೂನರ ಮುಂದಿಟ್ಟು ಮನೆಗೆ ನಡೆದರು.

ಆಮೇಲೆ ಅವರು ಹೊರಗೆ ಬರುವುದನ್ನೇ ಬಿಟ್ಟರು. "ಗುಟ್ಟಿನ ರೊಕ್ಕಾ ಏನೋ" ಎಂದು ಜನ ಆಡಿಕೊಂಡರು. ನಾನು ಊಟದ ಡಬ್ಬಿ ಒಯ್ದರೆ, "ಉಪ್ಪು ಸಾಲದು" ಎನ್ನುವುದನ್ನೂ ಮರೆತರು. ಆಗ ನನಗೆ ನಿಜಕ್ಕೂ ಹೆದರಿಕೆಯಾಯಿತು.

ಹದಿನೈದು ದಿನಕ್ಕೆ ನನ್ನ ಮೆಟ್ಟಿಲ ಮುಂದಿನ ಬಲ್ಬು ಹೋಯಿತು. ಹೊಸ ಖಜಾಂಚಿ, ಅದೇ ಕಾರಕೂನರು, ವೈರಮನ್‌ನನ್ನು ಹತ್ತಿಸಿದರು. ಅವನು ತುದಿಗೆ ಹೋದವನು ಓಣಿಗೆಲ್ಲ ಕೇಳುವಂತೆ ಕೂಗಿದ.

"ಅಕ್ಕಾರ! ಇಲ್ಲಿ ಮ್ಯಾಲೆ ಬಿಳಿ ಬಣ್ಣದಾಗ ನಿಮ್ಮ ಹೆಸರೈತಿ ನೋಡ್ರಿ!"

ಕಾರಕೂನರು ಕತ್ತೆತ್ತಿದರು, ನನ್ನನ್ನು ನೋಡಿದರು, ಬೆರಳು ಮಡಚಿ ಎಣಿಸಿದರು. "ಹಂಗಾದ್ರ ನಲವತ್ತೊಂದರ ಲೆಕ್ಕ ಸರಿ ಐತಲ್ರಿ" ಎಂದು ಮೆಲ್ಲಗೆ ಹೇಳಿ, ಬಣ್ಣದ ಡಬ್ಬಿಯನ್ನು ತಾವೇ ಹಿಡಿದುಕೊಂಡು ಮಾಮಾನ ಮನೆಯ ಕಡೆ ನಡೆದರು. ಒಂದು ಪೈಸೆಯನ್ನೂ ಕೊಡದ ನಾನೂ ಹಿಂದೆ ಹೋದೆ. ಬಾಗಿಲಲ್ಲಿ ನಿಂತೆ. ಮಾಮಾ ನೆಲ ನೋಡುತ್ತ ಅಂದರು.

"ಬಲ್ಬ್ ಹೋತಂತಲ್ಲ? ಹೆಸರಿನವರ ಹೊಸಾದು ತರಬೇಕು. ನಿಯಮ ಐತಿ."

ಹೊಸ ಬಲ್ಬು ತಂದೆ. ಅಂದು ಸಂಜೆ ಶಿವಪ್ಪ ಹತ್ತಿದ, ಗಿರಿಜಕ್ಕ, ನಿಂಗವ್ವ, ಕೊನೆಗೆ ನಾನು. ಮೆಂತ್ಯೆ ಸಿವುಡು ಬಿಚ್ಚಿಕೊಂಡು ಕೂತಿದ್ದೆ, ಒಂದು ಎಲೆಯೂ ಕಣ್ಣಿಗೆ ಕಾಣುತ್ತಿರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ನೋಡುತ್ತೇನೆ, ಬೆಳಕು ಮುಗಿಯುವ ಅಂಚಿಗೆ ಸರಿಯಾಗಿ, ಕತ್ತಲೆಯಲ್ಲಿ ಮಾಮಾ ನಿಂತಿದ್ದಾರೆ. ಒಂದು ಹೆಜ್ಜೆಯನ್ನೂ ಒಳಗಿಟ್ಟಿಲ್ಲ.

"ಬರಲೇನವಾ?" ಎಂದು ಕೇಳಿದರು.

"ಬರ್ರಿ ಮಾಮಾ" ಎಂದು ಸರಿದು ಜಾಗ ಮಾಡಿದೆ.